ಸಹಿ ಹಾಕಲು ಮಾತ್ರ ಬೇಕಾದ ಹೆತ್ತವರು

'ಪೋಷಕರ ಸಹಭಾಗಿತ್ವ' ಎಂಬ ಮಾತು ಶಿಕ್ಷಣ ಇಲಾಖೆಯ ಸುತ್ತೋಲೆಗಳಲ್ಲಿ ಧಾರಾಳವಾಗಿದೆ. ಖಾಸಗಿ ಶಾಲೆಗಳ ಬಣ್ಣದ ಕೈಪಿಡಿಗಳಲ್ಲೂ ಇದೆ. ಆದರೆ ಕಿವಿ ಕೇಳಿಸದ, ಆಟಿಸಂ ಇರುವ, ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಅಥವಾ ಎಷ್ಟು ಓದಿಸಿದರೂ ಅಕ್ಷರಗಳಲ್ಲಿ ತಡವರಿಸುವ ಮಗುವಿನ ತಾಯಿಯನ್ನು ಕೇಳಿ ನೋಡಿ. ಶಾಲೆ ಅವಳನ್ನು ಯಾವಾಗ ಕರೆಯಿತು? ಮಗು ಪಕ್ಕದವನನ್ನು ಕಚ್ಚಿದಾಗ. ಚಡ್ಡಿ ಒದ್ದೆ ಮಾಡಿಕೊಂಡಾಗ. ಅಧಿಕಾರಿಗಳು ಭೇಟಿ ಕೊಡುವ ಮುನ್ನಾದಿನ 'ನಾಳೆ ಒಂದು ದಿನ ಕಳಿಸಬೇಡಿ' ಎನ್ನಬೇಕಾದಾಗ. ಕೊನೆಗೆ ಟಿ.ಸಿ.ಗೆ ಸಹಿ ಬೇಕಾದಾಗ. ಇದನ್ನೇ ಸಹಭಾಗಿತ್ವ ಎನ್ನುವುದಾದರೆ ಠಾಣೆಗೆ ಕರೆಸಿಕೊಂಡವನೂ ಪೊಲೀಸರ ಸಹಭಾಗಿಯೇ!

ವಿಶೇಷ ಶಿಕ್ಷಣದಲ್ಲಿ 'ವೈಯಕ್ತಿಕ ಶಿಕ್ಷಣ ಯೋಜನೆ' ಎಂಬುದೊಂದಿದೆ. ಈ ಮಗುವಿಗೆ ಈಗ ಏನು ಬರುತ್ತದೆ, ಇನ್ನು ಕೆಲವು ತಿಂಗಳಲ್ಲಿ ಏನು ಬರಬೇಕು, ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಹೊತ್ತು, ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ - ಇಷ್ಟನ್ನು ಒಂದೊಂದು ಮಗುವಿಗೂ ಬೇರೆ ಬೇರೆಯಾಗಿ ಬರೆದಿಡುವ ಕಾಗದ ಅದು. ಈ ಕಾಗದ ಕಡತದಲ್ಲಿ ಇರಬಹುದು. ಅದನ್ನು ಬರೆಯುವಾಗ ಎದುರು ಕೂತಿದ್ದ ತಾಯಂದಿರು ಎಷ್ಟು ಮಂದಿ? ಬರೆದ ಮೇಲೆ ಅದರ ಒಂದು ಪ್ರತಿ ಕೈಗೆ ಸಿಕ್ಕವರು ಎಷ್ಟು ಮಂದಿ?

ಮಿಕ್ಸಿ ಹಾಕಿದರೆ ಮಗ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಾನೆಂದು ತಾಯಿಗೆ ಗೊತ್ತು. ಅದೇ ಹುಡುಗ ಶಾಲೆಯ ಗಂಟೆ ಬಾರಿಸಿದ ಕೂಡಲೇ ಕಿರುಚುತ್ತಾನೆ. ಶಾಲೆಯ ಪುಸ್ತಕದಲ್ಲಿ ಅವನ ಬಗ್ಗೆ ಬರೆದಿರುವುದು 'ಹಠಮಾರಿ' ಎಂದು. ಅವನ ಜಾಗವನ್ನು ಗಂಟೆಯಿಂದ ದೂರದ ಕೋಣೆಗೆ ಬದಲಿಸಲು ಒಂದು ರೂಪಾಯಿ ಖರ್ಚಿಲ್ಲ. ತಾಯಿಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಡಿಗ್ರಿ ಇಲ್ಲದವಳನ್ನು ಕೇಳುವುದೇನು ಎಂಬ ಅಹಂಕಾರವೇ ಇಲ್ಲಿ ದೊಡ್ಡ ಅಡ್ಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಶಾಲಾಪೂರ್ವ ತರಗತಿಗಳಲ್ಲಿ ಕಿವಿ ಕೇಳಿಸದ ಮಕ್ಕಳ ಜೊತೆ ತಾಯಂದಿರೂ ಕೂತು, ಕಲಿಸುವುದನ್ನು ಕಲಿಯುತ್ತಾರೆ. ಪರಿಣತರಿಗೇ ಇಲ್ಲದ ಸಂಕೋಚ ನಮ್ಮ ಶಾಲೆಗಳಿಗೇಕೆ?

ಅಮೆರಿಕದಲ್ಲಿ 1975ರಲ್ಲಿ ಬಂದ ಕಾನೂನು ಇಂತಹ ಯೋಜನೆ ಬರೆಯುವ ಸಭೆಯಲ್ಲಿ ಹೆತ್ತವರಿಗೆ ಸ್ಥಾನ ಕೊಟ್ಟಿತು. ಒಪ್ಪಿಗೆಯಾಗದಿದ್ದರೆ ಶಾಲೆಯ ವಿರುದ್ಧ ವಿಚಾರಣೆ ಕೇಳುವ ಹಕ್ಕನ್ನೂ ಕೊಟ್ಟಿತು. ಇದು ಯಾವ ಅಧ್ಯಕ್ಷರ ಔದಾರ್ಯವೂ ಅಲ್ಲ. ಪೆನ್ಸಿಲ್ವೇನಿಯಾದ ಹೆತ್ತವರ ಸಂಘವೊಂದು 1971ರಲ್ಲಿ ತಮ್ಮ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟ ರಾಜ್ಯವನ್ನೇ ನ್ಯಾಯಾಲಯಕ್ಕೆ ಎಳೆದಿತ್ತು. ಅಂತಹ ಹೋರಾಟಗಳ ಫಲವಾಗಿ ಕಾನೂನು ಬಂತು.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಶಿಕ್ಷಣ ಹಕ್ಕು ಕಾಯ್ದೆ (2009) ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಅವಕಾಶವಂಚಿತ ಗುಂಪಿನ ಮಕ್ಕಳ ಹೆತ್ತವರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಕೊಡಬೇಕೆಂದೂ ಹೇಳುತ್ತದೆ. 2012ರ ತಿದ್ದುಪಡಿಯು ವಿಕಲಚೇತನ ಮಕ್ಕಳನ್ನು ಆ ಗುಂಪಿಗೆ ಸೇರಿಸಿತು. ಅಂದರೆ ಎಸ್‌ಡಿಎಂಸಿಯಲ್ಲಿ ಈ ತಾಯಂದಿರಿಗೆ ಸ್ಥಾನ ಕೊಡುವುದು ಅಧ್ಯಕ್ಷರ ಕೃಪೆಯಲ್ಲ, ಕಾನೂನು. ನಿಮ್ಮೂರಿನ ಸರಕಾರಿ ಶಾಲೆಯ ಗೋಡೆಯ ಮೇಲಿರುವ ಸದಸ್ಯರ ಪಟ್ಟಿಯನ್ನು ಒಮ್ಮೆ ಓದಿ. ಅವರಲ್ಲಿ ಅಂತಹ ಮಗುವಿನ ತಾಯಿ ಒಬ್ಬಳಾದರೂ ಇದ್ದಾಳೆಯೇ?

ಶಿಕ್ಷಕರನ್ನು ಮಾತ್ರ ಬೈದು ಕೂರುವುದೂ ಸರಿಯಲ್ಲ. ತುಂಬಿದ ತರಗತಿಯಲ್ಲಿ ಒಬ್ಬರೇ ಟೀಚರು ಎಷ್ಟು ಮಾಡಿಯಾರು? ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬ, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಕೇಂದ್ರ ಸರಕಾರ 2022ರಲ್ಲಿ ನಿಗದಿಪಡಿಸಿತು. ನಮ್ಮ ತಾಲೂಕುಗಳಲ್ಲಿ ಊರೂರಿನ ಶಾಲೆಗಳನ್ನು ಸುತ್ತುವವರು ಕೆಲವೇ ಮಂದಿ ಬಿಐಇಆರ್‌ಟಿಗಳು. ಇದು ಸರಕಾರದ ವೈಫಲ್ಯ. ಆದರೆ ಈ ಕೊರತೆಯನ್ನು ತುಂಬಲು ಶಾಲೆಗಳು ಕಂಡುಕೊಂಡ ದಾರಿ ಯಾವುದು? 'ನೀವೇ ಬಂದು ಮಗುವಿನ ಪಕ್ಕ ಕೂತುಕೊಳ್ಳಿ' ಅಥವಾ 'ನಿಮ್ಮ ಖರ್ಚಿನಲ್ಲಿ ಒಬ್ಬ ಆಯಾ ಇಟ್ಟುಕೊಳ್ಳಿ.' ತೀರ್ಮಾನ ಮಾಡುವ ಕೋಣೆಯಲ್ಲಿ ಬೇಡವಾದ ತಾಯಿ, ಮಗುವಿನ ಮೂಗು ಒರೆಸಲು ಮಾತ್ರ ಬೇಕು!

ಹೆತ್ತವರು ಎಂಬ ಬಹುವಚನದ ಒಳಗೆ ಇರುವುದು ಒಬ್ಬಳೇ. ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಜಿದ್ದಾದಲ್ಲಿ, ದುಬೈಯಲ್ಲಿ. ಚಿಕಿತ್ಸೆಗೆ ಹಣ ಕಳಿಸುತ್ತಾನೆ, ಫೋನಿನಲ್ಲಿ ವರದಿ ಕೇಳುತ್ತಾನೆ. ಊರಲ್ಲಿರುವ ಗಂಡಸರೂ ಪೋಷಕರ ಸಭೆಗೆ ಹೆಂಡತಿಯನ್ನು ಕಳಿಸಿ ಅಂಗಡಿಯಲ್ಲಿ ಕೂರುತ್ತಾರೆ. ಮಗು ಸುಧಾರಿಸದಿದ್ದರೆ ಅತ್ತೆಯಿಂದ ಹಿಡಿದು ಹೆಡ್‌ಮಾಸ್ತರರ ತನಕ ಎಲ್ಲರ ಬೆರಳೂ ಅವಳ ಕಡೆಗೇ. 'ಸಬರ್ ಮಾಡು' ಎಂಬ ಉಪದೇಶವೂ ಅವಳಿಗೇ. ಕಷ್ಟಕ್ಕೆ ಸಬರ್ ಬೇಕು, ಒಪ್ಪೋಣ. ಶಾಲೆಯ ಅನ್ಯಾಯಕ್ಕೂ ಸಬರ್ ಮಾಡಬೇಕೆಂದು ಯಾವ ಕಿತಾಬಿನಲ್ಲಿದೆ?

ಭಾಷೆಯ ವಿಷಯದಲ್ಲೂ ಕೇಳುವವರಿಲ್ಲ. ಮನೆಯಲ್ಲಿ ಬ್ಯಾರಿ, ಉರ್ದು ಅಥವಾ ನವಾಯತಿ ಕೇಳಿ ಬೆಳೆದ ಮಗುವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪರೀಕ್ಷಿಸಿ 'ಮಾತು ಬಂದಿಲ್ಲ' ಎಂದು ಬರೆಯುತ್ತಾರೆ. ಉಮ್ಮನ ಭಾಷೆಯಲ್ಲಿ ಆ ಮಗು ನೀರು ಕೇಳುತ್ತದೆ, ಬೆಕ್ಕನ್ನು ಕರೆಯುತ್ತದೆ. ಅದು ಲೆಕ್ಕಕ್ಕಿಲ್ಲ. ಮೇಲಾಗಿ 'ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ' ಎಂಬ ಸಲಹೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ ಎಂಬುದು ಇಂದು ತಜ್ಞರು ಒಪ್ಪಿರುವ ಸಂಗತಿ. ಇಂಗ್ಲಿಷ್ ಬಾರದ ತಾಯಿ ಈ ಸಲಹೆ ಪಾಲಿಸಿದರೆ ಆಗುವುದಿಷ್ಟೇ - ಮಗುವಿನ ಜೊತೆ ದಿನವಿಡೀ ಮಾತಾಡುತ್ತಿದ್ದ ಒಂದೇ ಜೀವವೂ ಮೌನವಾಗುತ್ತದೆ.

ಇನ್ನು ನಮ್ಮದೇ ಸಮುದಾಯದ ವಿದ್ಯಾಸಂಸ್ಥೆಗಳ ಮಾತು. ಸುಪ್ರೀಂ ಕೋರ್ಟು 2014ರಲ್ಲಿ ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. 2025ರಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆಯೇ ಸಂದೇಹ ವ್ಯಕ್ತಪಡಿಸಿದೆ, ಇರಲಿ. ಆದರೆ ನಮ್ಮ ಕೆಲವು ಆಡಳಿತ ಮಂಡಳಿಗಳು ಆ ತೀರ್ಪನ್ನು ಕೊಡೆಯಂತೆ ಹಿಡಿದುಕೊಂಡಿವೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯನ್ನು ಅವರು ಓದಿದ್ದಾರೆಯೇ? ಸರಕಾರದ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಈ ಮಕ್ಕಳನ್ನು ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ನೆರವು ಕೊಡಬೇಕು ಎಂಬುದು ಅದರ ಆಶಯ. ಸಂವಿಧಾನ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕು ನಮ್ಮ ಮಕ್ಕಳಿಗೆ ಬಾಗಿಲು ತೆರೆಯಲೆಂದೇ ಹೊರತು, ಅವರಲ್ಲೇ ದುರ್ಬಲರಾದವರಿಗೆ ಮುಚ್ಚಲೆಂದಲ್ಲ.

ಅಬಸ ಅಧ್ಯಾಯದ ಹಿನ್ನೆಲೆ ನಮ್ಮ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಪ್ರವಾದಿವರ್ಯರ(ಸ) ಬಳಿ ಬಂದಾಗ ಅವರು ಕುರೈಷಿ ಮುಖಂಡರೊಡನೆ ಮಾತಿನಲ್ಲಿದ್ದರು. ಈ ಅಂಧ ವ್ಯಕ್ತಿಗೆ ಗಮನ ಕೊಡದ ಬಗ್ಗೆ ಅಲ್ಲಾಹನು ತನ್ನ ಪ್ರವಾದಿಯನ್ನೇ(ಸ) ಎಚ್ಚರಿಸಿದನು. ನಾವು ಇದನ್ನು ಅಂಗವಿಕಲರ ಮೇಲಿನ ಕರುಣೆಯ ಕಥೆಯಾಗಿ ಹೇಳಿ ಮುಗಿಸುತ್ತೇವೆ. ಆದರೆ ಅವರು ಬಂದದ್ದು ಸಹಾಯಧನ ಕೇಳಲು ಅಲ್ಲವಲ್ಲ! ಕಲಿಯಲು ಬಂದಿದ್ದರು. ಮುಂದೆ ಅವರು ಮದೀನಾದಲ್ಲಿ ಅದಾನ್ ಕೊಟ್ಟರು. ಪ್ರವಾದಿಯವರು(ಸ) ಹೊರಗೆ ಹೋದಾಗ ನಗರದ ಹೊಣೆಯನ್ನೂ ಅವರಿಗೆ ಒಪ್ಪಿಸಿದ್ದುಂಟು. ಇಂದು ಕಲಿಯಲು ಬಂದ ಮಗುವಿಗೆ ನಮ್ಮ ಶಾಲೆಗಳು ಬೆನ್ನು ತಿರುಗಿಸುವುದು ಎಸ್ಸೆಸ್ಸೆಲ್ಸಿಯ ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸಿಗಾಗಿ. ಎಂಟನೆಯಲ್ಲೋ ಒಂಬತ್ತನೆಯಲ್ಲೋ 'ಇವನಿಗೆ ಓಪನ್ ಸ್ಕೂಲೇ ಒಳ್ಳೆಯದು' ಎಂದು ಹೆತ್ತವರ ಮನವೊಲಿಸಿ ಕಳಿಸಿಬಿಟ್ಟರೆ ಫ್ಲೆಕ್ಸ್ ಸುರಕ್ಷಿತ. ರಮಝಾನ್‌ನಲ್ಲಿ ಅದೇ ಮಗುವಿನ ಮನೆಗೆ ಕಿಟ್ ತಲುಪಿಸಿ ಫೋಟೋ ತೆಗೆಸಿಕೊಂಡರೆ ನಮ್ಮ ಕರ್ತವ್ಯ ಮುಗಿಯಿತೇ?

ಹೆತ್ತವರೂ ಬೇಡುವ ದನಿಯನ್ನು ಬಿಡಬೇಕು. ಒಬ್ಬೊಬ್ಬರಾಗಿ ಹೋದರೆ ಹೆಡ್‌ಮಾಸ್ತರರ ಕುರ್ಚಿ ಎತ್ತರವಾಗಿಯೇ ಕಾಣುತ್ತದೆ. ತಾಲೂಕಿನ ನಾಲ್ಕು ತಾಯಂದಿರು, ಜೊತೆಗೆ ಇಬ್ಬರು ತಂದೆಯಂದಿರು ಒಟ್ಟಾಗಿ ಹೋಗಲಿ. ಮಗುವಿನ ಶಿಕ್ಷಣ ಯೋಜನೆಯ ಪ್ರತಿ ಕೊಡಿ, ಮುಂದಿನದನ್ನು ಬರೆಯುವ ದಿನ ಮೊದಲೇ ತಿಳಿಸಿ ಎಂದು ಅಚ್ಚಗನ್ನಡದಲ್ಲಿ ಅರ್ಜಿ ಬರೆದು ಕೊಡಲಿ. ಬಾಯಿಮಾತಿನ ಭರವಸೆ ಬೇಡ, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಲಿ. ಉತ್ತರ ಬಾರದಿದ್ದರೆ ಬಿಇಒ ಇದ್ದಾರೆ, ಅವರಿಂದಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ. ಮೊಹರು ಬಿದ್ದ ಆ ಪ್ರತಿ ಅಲ್ಲಿಗೆ ಬೇಕಾಗುತ್ತದೆ.