ಬೇರಿಂಗು ಸವೆದ ಮಾತ್ರಕ್ಕೆ ಮೋಟಾರು ಗುಜರಿಯೇ?

ಹುಲ್ಲು ಕತ್ತರಿಸುವ ವಿದ್ಯುದ್ಯಂತ್ರವು ಕರ್ಕಶ ಶಬ್ದ ಮಾಡತೊಡಗಿದೊಡನೆ ಅದನ್ನು ಗುಜರಿಗೆ ಹಾಕುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಅನೇಕ ವೇಳೆ ಮೋಟಾರಿನ ತಾಮ್ರದ ಸುರುಳಿಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಧೂಳೂ ತೇವವೂ ಹೊಕ್ಕು ಗ್ರೀಸು ಕೆಟ್ಟು, ಬೇರಿಂಗಿನ ಉಕ್ಕಿನ ಗುಂಡುಗಳೂ ಅವು ಉರುಳುವ ಹಾದಿಯೂ ಮಾತ್ರ ಸವೆದಿರುತ್ತವೆ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಮೋಟಾರನ್ನು ಬಿಚ್ಚಿ, ಬೇರಿಂಗಿನ ಮೇಲಿರುವ ಸಂಖ್ಯೆಯನ್ನು ಓದಿರಿ. 6202 ಎಂದಿದ್ದರೆ ಒಳವ್ಯಾಸ 15, ಹೊರವ್ಯಾಸ 35, ಅಗಲ 11 ಮಿಲಿಮೀಟರು. ಯಾವ ದೇಶದಲ್ಲಿ ತಯಾರಾದರೂ ಅಳತೆ ಇದೇ. ಇಷ್ಟು ಅನುಕೂಲವಿರುವಾಗ, ಬಿಚ್ಚಲಾಗದಂತೆ ಮೋಟಾರನ್ನು ಮುಚ್ಚಿಬಿಡುವ ತಯಾರಕರನ್ನು ಹೇಗೆ ಸಮರ್ಥಿಸೋಣ? ಹೊಸ ಬೇರಿಂಗನ್ನು ಅಕ್ಷದಂಡಕ್ಕೆ ಏರಿಸುವಾಗ ಒಳಬಳೆಯನ್ನೇ ಒತ್ತತಕ್ಕದ್ದು. ಹೊರಬಳೆಯನ್ನು ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು, ಅವುಗಳ ಹಾದಿಯಲ್ಲಿ ಕುಳಿಗಳಾಗುತ್ತವೆ.