ಪುಕ್ಕಟೆ ಕೆಲಸದ ಪರವಾಗಿ

ಕಳೆದ ವಾರ ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಕೇಳಿದ: "ಮಗಾ, ರಾತ್ರಿ ಒಂದು ಗಂಟೆವರೆಗೂ ಕೂತು ಕೋಡ್ ಬರೀತೀಯ. ಅದೂ ಯಾರೋ ಬರೆದ ಕತೆಗೆ, ಯಾರೋ ಮಾಡಿದ ಗೇಮಿಗೆ. ನಿಂಗೇನ್ ಸಿಗತ್ತೆ ಅದರಲ್ಲಿ?"

"ಏನೂ ಸಿಗಲ್ಲ" ಅಂದೆ.

ಅವನು ನನ್ನನ್ನು ನೋಡಿದ ನೋಟ ಇದೆಯಲ್ಲ, ಚಿಟ್ ಫಂಡಿನಲ್ಲಿ ದುಡ್ಡು ಕಳಕೊಂಡವರನ್ನು ನೋಡೋ ಥರ ಇತ್ತು. ಮತ್ತೆ ಹೇಳಿದ, "ಒಂದು ಸರ್ಟಿಫಿಕೇಶನ್ ಆದ್ರೂ ಮಾಡ್ಕೋ ಮಾರಾಯ." ನಾನು ಸುಮ್ಮನೆ ನಕ್ಕು ಇಡ್ಲಿ ತಿಂದೆ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳ್ತಿದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಮಾಡ್ ಅಂದರೆ, ಈಗಾಗಲೇ ಇರುವ ಒಂದು ಗೇಮಿನ ಒಳಗನ್ನು ಬಿಚ್ಚಿ, ಅಭಿಮಾನಿಗಳೇ ಅದನ್ನು ಬೇರೆ ಗೇಮಾಗಿ ಕಟ್ಟುವುದು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2012ರಲ್ಲಿ 'ಕ್ರುಸೇಡರ್ ಕಿಂಗ್ಸ್ 2' ಎಂಬ ಸ್ಟ್ರಾಟಜಿ ಗೇಮ್ ಬಿಟ್ಟಿತು. ಅದು ಮಧ್ಯಯುಗದ ಯುರೋಪಿನ ರಾಜಮನೆತನಗಳ ಆಟ. ಮದುವೆ, ಮಕ್ಕಳು, ವಾರಸುದಾರಿಕೆ, ದಾಯಾದಿ ಜಗಳ, ವಿಷ ಹಾಕಿಸೋದು, ಎಲ್ಲ ಇದೆ. ಅದೇ ವರ್ಷ ಅಭಿಮಾನಿಗಳ ಒಂದು ತಂಡ ಅದರಿಂದ ಯುರೋಪನ್ನೇ ಕಿತ್ತು ಹಾಕಿ, ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಗಳ ವೆಸ್ಟರಾಸ್ ಅನ್ನು ಕೂರಿಸಿತು. ಟಿವಿಯಲ್ಲಿ ನಾವೆಲ್ಲ ನೋಡಿದ 'ಗೇಮ್ ಆಫ್ ಥ್ರೋನ್ಸ್' ಕತೆಯೇ. ಆದರೆ ಈ ತಂಡ ಹಿಡಿದದ್ದು ಟಿವಿಯನ್ನಲ್ಲ, ಪುಸ್ತಕವನ್ನು. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಪಾಳೇಗಾರನಿಗೂ ಇಲ್ಲಿ ಅಪ್ಪ, ಅಜ್ಜ, ಹೆಂಡತಿ, ಕೋಟೆ, ಲಾಂಛನ ಉಂಟು. ಎಲ್ಲವನ್ನೂ ಟೆಕ್ಸ್ಟ್ ಫೈಲುಗಳಲ್ಲಿ ಕೂತು ಬರೆದಿದ್ದಾರೆ.

ನಮ್ಮಂಥ ಇಂಜಿನಿಯರುಗಳಿಗೆ ಖುಷಿ ಕೊಡುವ ಒಂದು ವಿಷಯ ಹೇಳ್ತೀನಿ. ಮಾರ್ಟಿನ್ ಲೋಕದಲ್ಲಿ ಕಾಲ ಲೆಕ್ಕ ಹಾಕೋದು ಏಗಾನ್ ರಾಜನ ದಂಡಯಾತ್ರೆಯಿಂದ. ಅದಕ್ಕೂ ಹಿಂದಿನ ಇತಿಹಾಸವೂ ಬೇಕಲ್ಲ? ಹಾಗಂತ ಗೇಮಿನ ಕ್ಯಾಲೆಂಡರಿನಲ್ಲಿ ಸೊನ್ನೆಗಿಂತ ಕೆಳಗೆ ಹೋಗೋಕಾಗಲ್ಲ. ತಂಡದವರು ಏನ್ ಮಾಡಿದ್ರು ಗೊತ್ತಾ? ಎಲ್ಲ ಇಸವಿಗೂ 8000 ಕೂಡಿಸಿಬಿಟ್ಟರು. ಪುಸ್ತಕದ 298 ಇಲ್ಲಿ 8298. ಪ್ರೊಡಕ್ಷನ್‌ನಲ್ಲಿ ಇಂಥ ಉಪಾಯ ಮಾಡಿದ್ರೆ ಕೋಡ್ ರಿವ್ಯೂನಲ್ಲಿ ಬೈಸ್ಕೋತೀವಿ. ಇಲ್ಲಿ ಅದರಿಂದ ಒಂದು ಲೋಕದ ಸಾವಿರಾರು ವರ್ಷದ ಇತಿಹಾಸಕ್ಕೆ ಜಾಗ ಸಿಕ್ಕಿತು.

ಟೋಲ್ಕಿನ್ ಅಭಿಮಾನಿಗಳದ್ದು ಇನ್ನೊಂದು ಕತೆ. 2006ರ 'ಮೆಡೀವಲ್ 2: ಟೋಟಲ್ ವಾರ್' ಗೇಮಿನ ಮೇಲೆ 'ಥರ್ಡ್ ಏಜ್' ಎಂಬ ಮಾಡ್ ಕಟ್ಟಿದರು. ಗೊಂಡೋರ್, ರೋಹನ್, ಮೊರ್ಡೋರ್ ಎಲ್ಲ ಸೈನ್ಯಗಳೂ ಅದರಲ್ಲಿವೆ. ಅದರ ಮೇಲೆ ಬೇರೆಯವರು 'ಡಿವೈಡ್ ಅಂಡ್ ಕಾಂಕರ್' ಕಟ್ಟಿದರು. ಮಾಡಿನ ಮೇಲೊಂದು ಮಾಡ್. ನಾನು ಮಾಡಿದ್ದು ಇಷ್ಟು ದೊಡ್ಡದೇನಲ್ಲ. ಇಂಥ ಮಾಡ್ ಒಂದರ ಮೇಲೆ ಕೂರುವ ಸಣ್ಣ ಸಬ್‌ಮಾಡ್, ಒಂದು ಪುಟ್ಟ ಮನೆತನದ ವಾರಸುದಾರಿಕೆಯ ಜಗಳ. ಅದರಲ್ಲೂ ಅರ್ಧ ಬಗ್ ತಿದ್ದಿದ್ದೇ ಆಯ್ತು.

ಈಗ ನಮ್ಮ ಮೇಲಿರುವ ಮೊದಲ ಆರೋಪ: ಇದು ಕಳ್ಳತನ. ಇದನ್ನು ಹೇಳಿದವರು ಸಣ್ಣವರಲ್ಲ. ಮಾರ್ಟಿನ್ ಅವರಿಗೇ ತಮ್ಮ ಪಾತ್ರಗಳನ್ನಿಟ್ಟುಕೊಂಡು ಬೇರೆಯವರು ಕತೆ ಬರೆಯುವುದು ಇಷ್ಟವಿಲ್ಲ, ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರು ಕೊಡುವ ಉದಾಹರಣೆ ಇಬ್ಬರು ಹಳೆಯ ಲೇಖಕರದು. ಟಾರ್ಜಾನ್ ಬರೆದ ಬರೋಸ್ ತನ್ನ ಪಾತ್ರಗಳನ್ನು ಕಾಯ್ದುಕೊಂಡ, ಶ್ರೀಮಂತನಾದ. ಲವ್‌ಕ್ರಾಫ್ಟ್ ತನ್ನ ಲೋಕವನ್ನು ಗೆಳೆಯರಿಗೆಲ್ಲ ಬಿಟ್ಟುಕೊಟ್ಟ, ಬಡವನಾಗಿ ಸತ್ತ.

ವಾದ ಕೇಳೋಕೆ ಚೆನ್ನಾಗಿದೆ. ಆದರೆ ಗೆಳೆಯರು ಆ ಲೋಕದಲ್ಲಿ ಕತೆ ಬರೆದದ್ದೇ ಲವ್‌ಕ್ರಾಫ್ಟ್‌ನ ಬಡತನಕ್ಕೆ ಕಾರಣ ಅನ್ನೋದು ಹೇಗೆ? 1937ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಕತೆಗಳನ್ನು ಪುಸ್ತಕವಾಗಿ ತರಬೇಕು ಅಂತಲೇ 1939ರಲ್ಲಿ ಪ್ರಕಾಶನ ಸಂಸ್ಥೆ ಕಟ್ಟಿದವರಲ್ಲಿ ಒಬ್ಬ, ಅದೇ ಲೋಕದಲ್ಲಿ ಕತೆ ಬರೆಯುತ್ತಿದ್ದ ಆಗಸ್ಟ್ ಡರ್ಲೆತ್. ಇವತ್ತು ಅವನ ಹೆಸರು ಉಳಿದಿರೋದರಲ್ಲಿ ಆ ಗೆಳೆಯರ ಪಾಲು ದೊಡ್ಡದು.

ಇನ್ನು ಕನ್ನಡದವರಾದ ನಾವು ಈ ಕಳ್ಳತನದ ಮಾತಾಡುವ ಮೊದಲು ಸ್ವಲ್ಪ ನಮ್ಮ ಮನೆ ಕಡೆ ನೋಡಿಕೊಳ್ಳಬೇಕು. ನಮ್ಮ ಆದಿಕವಿ ಪಂಪ ಏನ್ ಮಾಡಿದ? 941ರ ಹೊತ್ತಿಗೆ ವ್ಯಾಸರ ಭಾರತವನ್ನು ತಗೊಂಡು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜಾಗಕ್ಕೆ ಕೂರಿಸಿದ. ದ್ರೌಪದಿಗೆ ಐವರು ಗಂಡಂದಿರಿಲ್ಲ, ಅರ್ಜುನ ಒಬ್ಬನೇ. ಕೊನೆಗೆ ಪಟ್ಟ ಧರ್ಮರಾಯನಿಗಲ್ಲ, ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಇದು ಮಾಡ್ ಅಲ್ಲದೆ ಮತ್ತೇನು ಸ್ವಾಮಿ? ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಮಾರ್ಟಿನ್ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಆರನೆಯದಕ್ಕೆ ಕಾಯ್ತಾ ಕಾಯ್ತಾ ನನ್ನ ಕಾಲೇಜು ಮುಗೀತು, ಮದುವೆ ಆಯ್ತು, ತಲೆಯಲ್ಲಿ ಬಿಳಿ ಕೂದಲೂ ಬಂತು. ಅಷ್ಟರಲ್ಲಿ ಓದುಗರು ನೆಡ್ ಸ್ಟಾರ್ಕ್‌ನನ್ನು ದಕ್ಷಿಣಕ್ಕೆ ಕಳಿಸದೆ ಮನೆಯಲ್ಲೇ ಉಳಿಸಿದರೆ ಏನಾಗುತ್ತಿತ್ತು ಅಂತ ಆಡಿ ನೋಡಿದರೆ ಯಾರ ಗಂಟು ಹೋಯ್ತು?

ಒಂದು ವ್ಯತ್ಯಾಸ ಇದೆ, ಒಪ್ಪುತ್ತೇನೆ. ವ್ಯಾಸರು ರಾಯಲ್ಟಿ ಕೇಳಲು ಬರಲ್ಲ. ಮಾರ್ಟಿನ್ ನಮ್ಮ ನಡುವೆಯೇ ಇದ್ದಾರೆ, ಅದು ಅವರ ಅನ್ನ. ಹಾಗಾಗಿ ಗೆರೆ ಎಲ್ಲಿ ಎಳೆಯಬೇಕು ಅನ್ನೋದು ನನಗೆ ಸ್ಪಷ್ಟ: ಮಾರುವ ಹಾಗಿಲ್ಲ. ಮಾಡ್ ಆಡಬೇಕಾದರೆ ಮೂಲ ಗೇಮ್ ನಿಮ್ಮ ಬಳಿ ಇರಲೇಬೇಕು. ಅದನ್ನು ಆಡಿದವನು ಪುಸ್ತಕವನ್ನೂ ಕೊಳ್ಳುತ್ತಾನೆ, ನಾನು ಕೊಂಡದ್ದೂ ಹಾಗೇ. ಮಾಡಿಗೆ ಬೆಲೆ ಚೀಟಿ ಅಂಟಿಸಿದ ದಿನ ನಾನೂ ಮಾರ್ಟಿನ್ ಪಕ್ಷ.

ಎರಡನೇ ಆರೋಪ ನನ್ನ ಗೆಳೆಯನದು: ದುಡ್ಡು ಬರಲ್ಲ, ಹಾಗಾಗಿ ದಂಡ. ಇದು ನನಗೆ ಹೆಚ್ಚು ನೋವು ಕೊಡುವ ಮಾತು.

ನಮ್ಮೂರು ಸಾಗರದ ಹತ್ತಿರ. ನಮ್ಮ ದೊಡ್ಡಪ್ಪ ಅಡಿಕೆ ತೋಟದವರು. ಮಳೆಗಾಲದಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲಿ ತಾಳಮದ್ದಳೆ ಆದರೆ ಅವರದು ಕರ್ಣ. ಭಾಗವತರ ಪದ್ಯ ಪ್ರತಿ ವರ್ಷವೂ ಅದೇ. ಆದರೆ ದೊಡ್ಡಪ್ಪನ ಅರ್ಥ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಒಂದು ವರ್ಷ ಕೃಷ್ಣನನ್ನು ಬಾಯಿ ಕಟ್ಟಿಸಿ ಕೂರಿಸಿದರು, ಇನ್ನೊಂದು ವರ್ಷ ತಾವೇ ಅತ್ತರು. ಈಗ ಯೋಚಿಸಿದರೆ ಪದ್ಯ ಇಂಜಿನ್, ಅರ್ಥ ಮಾಡ್. ಬೆಳಗಿನ ಜಾವ ಚಾ ಕುಡಿದು, ಪಂಚೆ ಎತ್ತಿ ಕಟ್ಟಿಕೊಂಡು, ತೋಟಕ್ಕೆ ಹೋಗ್ತಿದ್ರು. "ದೊಡ್ಡಪ್ಪಾ, ನಿಂಗೆ ಎಷ್ಟು ಸಿಕ್ತು?" ಅಂತ ಊರಲ್ಲಿ ಒಬ್ಬನೂ ಕೇಳಲಿಲ್ಲ. ಅಂಥ ಪ್ರಶ್ನೆ ಇದೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕಲಿತದ್ದು ಅದು. ಓಡಿದರೆ ಮ್ಯಾರಥಾನ್ ಮೆಡಲ್, ಓದಿದರೆ ವರ್ಷದ ಪುಸ್ತಕದ ಲೆಕ್ಕ, ಅಡುಗೆ ಮಾಡಿದರೆ ರೀಲ್ಸ್. ರೆಸ್ಯುಮೆಗೆ ಹೋಗದ ಒಂದು ಗಂಟೆಯೂ ನಮಗೆ ಪಾಪ ಮಾಡಿದ ಹಾಗೆ.

ಅಭಿಮಾನಿಗಳ ದುಡಿಮೆಗೆ ದುಡ್ಡು ಸೇರಿಸಿ ನೋಡಿದ್ದೂ ಉಂಟು. 2015ರ ಏಪ್ರಿಲ್‌ನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಕಂಪನಿಗಳು 'ಸ್ಕೈರಿಮ್' ಗೇಮಿನ ಮಾಡ್‌ಗಳನ್ನು ಮಾರಾಟಕ್ಕೆ ಬಿಟ್ಟವು. ಮಾಡಿದವನ ಪಾಲು 25%, ಉಳಿದ 75% ಕಂಪನಿಗಳದು. ಅಭಿಮಾನಿಗಳು ಎದ್ದ ರೀತಿಗೆ ವಾರ ತುಂಬುವ ಮೊದಲೇ ಯೋಜನೆ ವಾಪಸ್ ಆಯ್ತು.

ಕಂಪನಿಗಳ ಪ್ರೀತಿ ಎಷ್ಟು ದಿನದ್ದು ಅಂತ ತಿಳೀಬೇಕಾದರೆ 'ಬ್ಯಾಟಲ್ ಫಾರ್ ಮಿಡಲ್ ಅರ್ತ್ 2' ನೋಡಿ. ಇಎ ಕಂಪನಿಯ 2006ರ ಗೇಮ್. ಟೋಲ್ಕಿನ್ ಲೋಕದ ಲೈಸೆನ್ಸ್ ಮುಗಿಯಿತು, ಅಂಗಡಿಯಿಂದ ಗೇಮ್ ಮಾಯವಾಯಿತು, 2010ರ ಕೊನೆಗೆ ಸರ್ವರನ್ನೂ ಬಂದ್ ಮಾಡಿದರು. ಆಮೇಲೂ ಅದನ್ನು ಜೀವಂತ ಇಟ್ಟವರು ತಮ್ಮದೇ ಸರ್ವರ್ ನಡೆಸಿದ ಅಭಿಮಾನಿಗಳು, 'ಎಡೈನ್', 'ಏಜ್ ಆಫ್ ದಿ ರಿಂಗ್' ಥರದ ಮಾಡ್ ಕಟ್ಟಿದವರು. ಇನ್ನೊಂದು ಕಡೆ, ಸ್ಕೈರಿಮ್ ಒಳಗೆ ಟೋಲ್ಕಿನ್ ಲೋಕ ಕಟ್ಟುತ್ತಿದ್ದ ತಂಡಕ್ಕೆ 2012ರಲ್ಲಿ ವಾರ್ನರ್ ಬ್ರದರ್ಸ್‌ನಿಂದ ವಕೀಲರ ನೋಟಿಸ್ ಬಂತು. ದಂಡ ಅಂತ ನಾವು ಕರೆಯುವ ಕೆಲಸವೇ ಮುಚ್ಚಿಹೋದ ಲೋಕವನ್ನು ಉಳಿಸಿದ್ದು, ಅದೇ ಕೆಲಸಕ್ಕೆ ನೋಟಿಸೂ ಬಂದದ್ದು.

ಈಗ ನನ್ನ ವಿಷಯಕ್ಕೆ ಬರ್ತೀನಿ. ಹಿಂದಿನ ಒಂದು ಕೆಲಸದಲ್ಲಿ ನೇಮಕಾತಿ ಪತ್ರಕ್ಕೆ ಸಹಿ ಹಾಕುವಾಗ ಸಂಬಳದ ಪುಟ ಬಿಟ್ಟು ಉಳಿದದ್ದನ್ನು ಓದಿರಲಿಲ್ಲ. ನಿಮ್ಮಲ್ಲೂ ಹೆಚ್ಚಿನವರು ಓದಿರಲ್ಲ ಬಿಡಿ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಸಬ್‌ಮಾಡ್ ಬಗ್ಗೆ ಬಾಯಿಬಿಟ್ಟೆ. ಎರಡು ದಿನಕ್ಕೆ ಎಚ್‌ಆರ್‌ನಿಂದ ಕರೆ. ಪತ್ರದಲ್ಲಿ ಒಂದು ಷರತ್ತಿತ್ತು: ಕೆಲಸದಲ್ಲಿರುವಷ್ಟು ಕಾಲ ನಾನು ಬರೆಯುವ ಎಲ್ಲ ಕೋಡೂ ಕಂಪನಿಯದು. ನನ್ನ ಸ್ವಂತ ಲ್ಯಾಪ್‌ಟಾಪ್, ನನ್ನ ಕರೆಂಟ್ ಬಿಲ್, ನನ್ನ ನಿದ್ದೆ. ಆದರೂ ಅವರದು. ಮನೆ ಸಾಲ ಶುರುವಾಗಿತ್ತು, ಹೆಂಡತಿ ಬಸುರಿ. ವಾದ ಮಾಡಲಿಲ್ಲ. ಫೈಲುಗಳನ್ನೆಲ್ಲ ಅಳಿಸಿದೆ. ಜೊತೆಗೆ ಕೆಲಸ ಮಾಡುತ್ತಿದ್ದ, ಮುಖವನ್ನೇ ನೋಡಿರದ ಇಬ್ಬರಿಗೆ "ಸಾರಿ, ಆಗಲ್ಲ" ಅಂತ ಒಂದು ಸಾಲು ಬರೆದೆ. ಕಾರಣ ಹೇಳಲೂ ನಾಚಿಕೆ ಆಯ್ತು.

ಆಮೇಲೆ ಕಾನೂನು ಓದಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹೇಳೋದು, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದು ಅಂತ. ರಾತ್ರಿ ಒಂದು ಗಂಟೆಗೆ ಮನೆಯಲ್ಲಿ ಡ್ರ್ಯಾಗನ್ ಮೊಟ್ಟೆ ಯಾರಿಗೆ ಸೇರಬೇಕು ಅಂತ ಬರೆದ ಕೋಡ್ ನೌಕರಿಯ ಭಾಗ ಅಲ್ಲ. ಕಾಯ್ದೆ ಕೇಳದ್ದನ್ನು ಆ ಪತ್ರ ಕೇಳಿತ್ತು, ಓದದೆ ನಾನು ಕೊಟ್ಟಿದ್ದೆ.

ಈಗ ಹೇಳಿ, ಕಳ್ಳತನದ ಮಾತು ಎಲ್ಲಿಗೆ ಸೇರಬೇಕು? ಮಾರ್ಟಿನ್ ಅವರ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ, ಪುಕ್ಕಟೆಯಾಗಿ ಹಂಚುವ ಅಭಿಮಾನಿ ಕಳ್ಳ. ಒಬ್ಬ ನೌಕರನ ರಾತ್ರಿಗಳನ್ನೆಲ್ಲ ಒಂದು ಪ್ಯಾರಾದಲ್ಲಿ ಬರೆಸಿಕೊಳ್ಳುವವರದು ಮಾತ್ರ ಸ್ಟ್ಯಾಂಡರ್ಡ್ ಕ್ಲಾಸ್. ನಾವೂ ಹಾಗೇ ಕರೆಯುತ್ತೇವೆ. ಯಾಕೆಂದರೆ ನಮಗೆ ರಾತ್ರಿಗೆ ಬೆಲೆ ಕಟ್ಟೋದು ಗೊತ್ತಿಲ್ಲ, ಸಿಟಿಸಿಗೆ ಮಾತ್ರ ಗೊತ್ತು.

ನಾನು ಕ್ರಾಂತಿ ಮಾಡಿ ಅಂತಿಲ್ಲ. ಮುಂದಿನ ಕೆಲಸಕ್ಕೆ ಸೇರುವಾಗ ಆ ಪುಟ ಓದಿ. ಎಷ್ಟೋ ಪತ್ರಗಳ ಕೊನೆಗೆ, ನೀವು ಮೊದಲೇ ಮಾಡಿಕೊಂಡು ಬಂದ ಕೆಲಸಗಳ ಪಟ್ಟಿಗೆ ಅಂತ ಒಂದು ಖಾಲಿ ಜಾಗ ಇರುತ್ತೆ. ನಾವೆಲ್ಲ 'ಇಲ್ಲ' ಅಂತ ಬರೆದು ಸಹಿ ಹಾಕ್ತೀವಿ. ಅಲ್ಲಿ ನಿಮ್ಮದನ್ನು ಬರೀರಿ. ಜಾಗ ಇಲ್ಲದಿದ್ದರೆ ಮೇಲ್ ಮಾಡಿ ಕೇಳಿ. ಈಗಿನ ಕೆಲಸಕ್ಕೆ ಸೇರುವಾಗ ನಾನು ಕೇಳಿದೆ. "ಗೇಮ್ ಮಾಡ್? ಅಂದ್ರೆ?" ಅಂತ ಆ ಕಡೆಯ ಹೆಣ್ಣುಮಗಳು ನಕ್ಕರು, ಒಂದು ಸಾಲು ಸೇರಿಸಿ ಕಳಿಸಿದರು. ಅಷ್ಟೇ. ಎಲ್ಲ ಕಡೆ ಇಷ್ಟು ಸುಲಭಕ್ಕೆ ಆಗಲ್ಲ. ಆದರೆ ಕೇಳದೆ ಎಲ್ಲೂ ಆಗಲ್ಲ.

ಅಳಿಸಿದ ಫೈಲುಗಳು ವಾಪಸ್ ಬರಲಿಲ್ಲ. ಮೊದಲಿಂದ ಬರೀತಿದೀನಿ. ಹಳೆಯ ಇಬ್ಬರಲ್ಲಿ ಒಬ್ಬ ಸಿಕ್ಕಿದ, ಇನ್ನೊಬ್ಬನ ಪತ್ತೆ ಇಲ್ಲ. ಮಗಳು ಮಲಗಿದ ಮೇಲೆ ಎರಡು ಗಂಟೆ ಸಿಗತ್ತೆ.

ಕ್ಯಾಂಟೀನಿನ ಗೆಳೆಯನಿಗೆ ನನ್ನ ಉತ್ತರ ಈಗಲೂ ಅದೇ: ಏನೂ ಸಿಗಲ್ಲ ಮಗಾ. ಕರ್ಣನ ಅರ್ಥ ಹೇಳಿ ಬೆಳಗ್ಗೆ ತೋಟಕ್ಕೆ ಹೋದ ದೊಡ್ಡಪ್ಪನಿಗೆ ಸಿಕ್ಕಷ್ಟೇ ಸಿಗತ್ತೆ.