ಗೋಡೆ ದಾಟಿದ ಕೊಂಬೆ

ಮರ ನೆಡುವುದು ಪುಣ್ಯವೆಂದು ನಾವು ಭಾಷಣ ಬಿಗಿಯುತ್ತೇವೆ. ನೆಟ್ಟ ಮರದ ಹಣ್ಣನ್ನು ಹಕ್ಕಿ ತಿಂದರೂ ಅದು ಸದಕಾ ಎಂಬ ಪ್ರವಾದಿ ವಚನ ನಮ್ಮ ನಾಲಗೆಯ ತುದಿಯಲ್ಲೇ ಇದೆ. ಅದೇ ಮರದ ಕೊಂಬೆ ನೆರೆಮನೆಯ ಹೆಂಚಿನ ಮೇಲೆ ಮಲಗಿದಾಗ ಮಾತ್ರ ನಮ್ಮ ಬಾಯಿಗೆ ಬೀಗ ಬೀಳುತ್ತದೆ.

ಬೇರೆಯವರನ್ನೇಕೆ ದೂರಬೇಕು? ನಮ್ಮ ಹಿತ್ತಲಿನ ಮಾವಿನ ಅರ್ಧ ಭಾಗ ಗೋಡೆಯಾಚೆಗಿತ್ತು. ಹಣ್ಣಿನ ಕಾಲದಲ್ಲಿ ದೋಟಿ ಹಿಡಿದು ಆಚೆ ಮನೆಯ ಅಂಗಳಕ್ಕೇ ನುಗ್ಗಿ ಕಿತ್ತು ತರುತ್ತಿದ್ದೆವು. ಎಲೆ ಗುಡಿಸುವುದು ಅಲ್ಲಿನ ಅಮ್ಮನ ಪಾಲು. ಒಂದು ಮಳೆಗಾಲದ ಮುಂಚೆ ಅವರು ಬಂದು, "ಸಾಬ್ರೇ, ಮೇಲೊಂದು ಕೊಂಬೆ ಒಣಗಿದೆ. ಅದರ ಕೆಳಗೇ ಮೊಮ್ಮಗನ್ನ ಮಲಗಿಸ್ತೀವಿ" ಎಂದರು. "ದೇವರಿದ್ದಾನೆ ಬಿಡೀಮ್ಮ" ಎಂದು ಚಹಾ ಕೊಟ್ಟು ಕಳುಹಿಸಿದೆವು. ಕೊಂಬೆ ಬಿದ್ದದ್ದು ಹಗಲಿನಲ್ಲಿ. ಮಗು ಜಗಲಿಯಲ್ಲಿ ಆಡುತ್ತಿತ್ತು. ಹೆಂಚಿನ ದುಡ್ಡು ಕೊಡಲು ಹೋದಾಗ ಅವರು ಬಾಗಿಲು ತೆರೆದರು, ಮಾತನಾಡಲಿಲ್ಲ.

ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಒಂದು ಪ್ರಸಂಗವಿದೆ. ಸಮುರಾ ಬಿನ್ ಜುಂದುಬ್ ಅವರ ಖರ್ಜೂರದ ಮರಗಳು ಒಬ್ಬ ಅನ್ಸಾರಿಯ ತೋಟದೊಳಗಿದ್ದವು. ಮರ ನೋಡಲೆಂದು ಅವರು ಹೋಗಿ ಬರುತ್ತಿದ್ದುದರಿಂದ ಆ ಸಂಸಾರಕ್ಕೆ ಕಿರುಕುಳ. ಮಾರಿಬಿಡಿ ಎಂದರು ಪ್ರವಾದಿ(ಸ), ಒಪ್ಪಲಿಲ್ಲ. ಬದಲಿ ಮರ ತೆಗೆದುಕೊಳ್ಳಿ ಎಂದರು, ಇಲ್ಲ. ದಾನವಾಗಿ ಕೊಡಿ, ಪ್ರತಿಫಲವಿದೆ ಎಂದರೂ ಇಲ್ಲ. ಕೊನೆಗೆ, ನೀವು ಹಾನಿ ಮಾಡುವವರು ಎಂದು ಹೇಳಿ, ಮರಗಳನ್ನು ಕಿತ್ತುಹಾಕಲು ಅನ್ಸಾರಿಗೆ ಅಪ್ಪಣೆ ಕೊಟ್ಟರು. ಮರ ನೆಡಲು ಹೇಳಿದವರೇ ಕೀಳಿಸಿದರು! ಈ ಪ್ರಸಂಗವನ್ನು ಜುಮಾ ಪ್ರವಚನದಲ್ಲಿ ಕೇಳಿದವರೆಷ್ಟು ಮಂದಿ? ತಲಾಕಿನ ಪಂಚಾಯಿತಿಗೆ ರಾತ್ರಿಯಿಡೀ ಕೂರುವ ನಮ್ಮ ಜಮಾಅತ್ ಹಿರಿಯರಿಗೆ ನೆರೆಯವರ ಹೆಂಚು ಕಾಣುವುದಿಲ್ಲ.

ಹಾಗೆಂದು ನೆರೆಯವನ ಕೈಗೆ ಕೊಡಲಿ ಕೊಟ್ಟಂತಲ್ಲ. 1869ರಿಂದ 1876ರವರೆಗೆ ಸಿದ್ಧವಾದ ಉಸ್ಮಾನಿ ನಾಗರಿಕ ಸಂಹಿತೆ 'ಮಜಲ್ಲಾ'ದ 1196ನೇ ಕಲಂ ಇದನ್ನು ನೇರವಾಗಿ ಹೇಳುತ್ತದೆ: ಚಾಚಿದ ಕೊಂಬೆಯನ್ನು ಕಟ್ಟಿಸುವ ಅಥವಾ ಕಡಿಸುವ ಹಕ್ಕು ನೆರೆಯವನಿಗುಂಟು, ನೆರಳಿನಿಂದ ಬೆಳೆ ಕೆಟ್ಟಿತೆಂದು ಮರವನ್ನೇ ಕಡಿಸುವಂತಿಲ್ಲ. ನಮ್ಮಲ್ಲಾದರೋ ರಾತ್ರೋರಾತ್ರಿ ಬೇರಿಗೆ ಆಸಿಡ್ ಸುರಿಯುವವರಿದ್ದಾರೆ. ಪಟ್ಟಣಗಳಲ್ಲಿ ಮರ ಉರುಳಿಸಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಬೀಳುವಂತಿರುವ ಮರವನ್ನು ತೆಗೆಸುವ ಅಧಿಕಾರ ಉಪವಿಭಾಗಾಧಿಕಾರಿಗಿದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂನಲ್ಲಿದ್ದದ್ದು 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂಗೆ ಬಂದಿದೆ. ಆದರೆ ಅರ್ಜಿ ಬರೆಯುವ ಮುಂಚೆ ಬಾಗಿಲು ತಟ್ಟಲು ಏನಡ್ಡಿ? ಗೋಡೆಯ ಎರಡೂ ಕಡೆ ಒಂದೇ ಧರ್ಮದವರಿದ್ದರೆ ಅದು ಕೊಂಬೆಯ ಜಗಳ. ಹೆಸರುಗಳು ಬೇರೆಯಾದರೆ ಸಂಜೆಯೊಳಗೆ ಕೊಂಬೆಗೂ ಧರ್ಮ ಹತ್ತಿಸುವವರು ಎರಡೂ ಕಡೆಯಿಂದ ಓಡಿಬರುತ್ತಾರೆ. ಠಾಣೆಯ ಮೆಟ್ಟಿಲೇರಿದ ಮೇಲೆ ಮರದ ಮಾತನ್ನು ಯಾರೂ ಆಡುವುದಿಲ್ಲ.

ನಮ್ಮನ್ನು ಕೇಳಿದರೆ, ಹಣ್ಣು ತಿನ್ನುವವನೇ ಕೊಂಬೆ ಸವರಿಸಬೇಕು. ಅದೂ ನೆರೆಯವರು ಬಂದು ಕೇಳುವ ಮುಂಚೆ. ಕೂಲಿ ದುಬಾರಿಯೆನ್ನುವವರು ಮಾವಿನ ಬುಟ್ಟಿಗೆ ಬಂದ ದುಡ್ಡನ್ನೂ ಲೆಕ್ಕ ಹಾಕಲಿ. ನಾವೀಗ ಕಾಯಿ ಇಳಿಸಿದ ಕೂಡಲೇ ಮರ ಹತ್ತುವವನನ್ನು ಕರೆಸುತ್ತೇವೆ. ಯಾವ ಕೊಂಬೆ ಎಂದು ತೋರಿಸುವವರು ಆ ಅಮ್ಮ. ಸೌದೆ ಅವರ ಒಲೆಗೆ. ಮಾತು ಮೊದಲಿನಷ್ಟಿಲ್ಲ.